ಹಕ್ಕಿಯ ಕಾಲಿಗೆ ಉಂಗುರ, ಮೈಮೇಲೆ ಉಣ್ಣಿ: ಮಂಗನ ಕಾಯಿಲೆಯ ಬೆನ್ನು ಹತ್ತಿದ್ದ ಸಲೀಂ ಅಲಿ

ಬಿಜೂರು: ಚಳಿ ಶುರುವಾಗಿ ಗುಡ್ಡೆಯ ಹುಲ್ಲು ಒಣಗಿತು ಅಂದ್ರೆ ನಮ್ಮ ಕಡೆ ಎರಡು ಕೆಲಸ ಜೋರಾಗ್ತದೆ. ಒಂದು, ಹಾಡಿಗೆ ಹೋಗಿ ತರಗೆಲೆ ಒಟ್ಟು ಮಾಡಿ ಹಟ್ಟಿಗೆ ತರುವುದು. ಇನ್ನೊಂದು, ಆರೋಗ್ಯ ಇಲಾಖೆಯವರು ಊರೂರಿಗೆ ಬಂದು, ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ನಮಗೆ ತಿಳಿಸಿ ಅಂತ ಹೇಳಿ ಹೋಗುವುದು. ಈ ಎರಡಕ್ಕೂ ಇರುವ ನಂಟು ಕಾಡಿನ ಅಂಚಿನ ಮನೆಯವರಿಗೆ ಹೊಸತಲ್ಲ. ಬಿಜೂರು, ಉಪ್ಪುಂದ, ನಾವುಂದದ ಜನ ಹೆದ್ದಾರಿ ಮತ್ತು ಕಡಲಿನ ನಡುವೆ ಇದ್ದವರು, ನಮಗೇನು ಅಂತ ಅಂದುಕೊಳ್ಳಬಹುದು. ಆದರೆ ಮೂಡು ದಿಕ್ಕಿಗೆ ನೋಡಿದರೆ ಕೊಲ್ಲೂರಿನ ಕಾಡು, ಮೂಕಾಂಬಿಕಾ ಅಭಯಾರಣ್ಯ. ಘಾಟಿ ಹತ್ತಿದರೆ ಹೊಸನಗರ, ಸಾಗರ. ಅಲ್ಲಿಂದ ಇನ್ನೂ ಸ್ವಲ್ಪ ಬಡಗಣಕ್ಕೆ ಸೊರಬ. ಮಂಗನ ಕಾಯಿಲೆ ಹುಟ್ಟಿದ ಊರು ಅಂತ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಹೆಸರು ಪಡೆದ ಕ್ಯಾಸನೂರು ಇರುವುದು ಆ ಸೊರಬ ತಾಲೂಕಿನಲ್ಲೇ.

2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಜೀವ ತೆಗೆದಾಗ, ಅಲ್ಲಿಯ ಎಷ್ಟೋ ರೋಗಿಗಳು ಘಟ್ಟ ಇಳಿದು ಬಂದದ್ದು ಮಣಿಪಾಲದ ಆಸ್ಪತ್ರೆಗೆ. ಅದೇ ಹೊತ್ತಿಗೆ ಕುಂದಾಪುರ ತಾಲೂಕಿನಲ್ಲೂ ಮಂಗಗಳು ಸತ್ತು ಬಿದ್ದದ್ದು ಓದುಗರಿಗೆ ನೆನಪಿರಬಹುದು. ಈ ಕಾಯಿಲೆಯ ಬಗ್ಗೆ ಲೇಖನಗಳು ಬೇಕಾದಷ್ಟು ಬಂದಿವೆ. ಆದರೆ ಇದರ ಕಥೆಯ ಒಳಗೆ ನಾವೆಲ್ಲ ಶಾಲೆಯ ಪಠ್ಯದಲ್ಲಿ ಓದಿದ ಒಬ್ಬ ದೊಡ್ಡ ಮನುಷ್ಯರು ಇದ್ದಾರೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರೇ ಹಕ್ಕಿಗಳ ಸಲೀಂ ಅಲಿ. ಡಾಕ್ಟರರೂ ಅಲ್ಲ, ವೈರಸ್ ತಜ್ಞರೂ ಅಲ್ಲ. ಆದರೂ ಶಿವಮೊಗ್ಗದ ಕಾಡಿನ ಒಂದು ಉಣ್ಣಿ ಅವರ ಬದುಕಿನ ಹತ್ತು-ಹದಿನೈದು ವರ್ಷಗಳ ದಾರಿಯನ್ನೇ ಬೇರೆ ಮಾಡಿತು.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಸುಲೈಮಾನಿ ಬೋಹ್ರಾ ಮನೆತನ, ದೊಡ್ಡ ಸಂಸಾರ. ಮಕ್ಕಳಲ್ಲಿ ಇವರೇ ಕಿರಿಯರು. ಒಂದು ವರ್ಷದ ಮಗುವಾಗಿದ್ದಾಗ ತಂದೆ ಹೋದರು, ಮೂರು ವರ್ಷವಾದಾಗ ತಾಯಿಯೂ ಹೋದರು. ಸಾಕಿದ್ದು ಖೇತವಾಡಿಯ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಮಾವನಿಗೆ ಬೇಟೆಯ ಹುಚ್ಚು. ಹುಡುಗನ ಕೈಗೂ ಒಂದು ಗಾಳಿಕೋವಿ ಬಂತು. ಅದರಲ್ಲಿ ಹೊಡೆದ ಗುಬ್ಬಚ್ಚಿಯೊಂದರ ಕುತ್ತಿಗೆಯ ಮೇಲೆ ಹಳದಿ ಮಚ್ಚೆ ಇತ್ತು. ಇದೆಂತ ಗುಬ್ಬಚ್ಚಿ ಅಂತ ಮಾವನನ್ನು ಕೇಳಿದರೆ ಅವರಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಚೀಟಿ ಕೊಟ್ಟು ಕಳಿಸಿದರು. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಕಪಾಟು ತೆಗೆದು ಒಳಗಿದ್ದ ನೂರಾರು ಹಕ್ಕಿಗಳ ಚರ್ಮವನ್ನು ತೋರಿಸಿದರು. ಈ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅವರು ತಮ್ಮ ಆತ್ಮಕಥೆಗೆ ಹೆಸರಿಟ್ಟದ್ದೂ ಆ ಗುಬ್ಬಚ್ಚಿ ಬಿದ್ದ ನೆನಪಿಗೇ.

ಆಮೇಲಿನ ಬದುಕು ಅಷ್ಟು ಸಲೀಸಾಗಿ ಸಾಗಲಿಲ್ಲ. ಕಾಲೇಜು ಹಿಡಿಸಲಿಲ್ಲ. ಬರ್ಮಾದ ತವೋಯ್‌ಗೆ ಹೋಗಿ ಮನೆಯವರ ಗಣಿ, ಮರದ ವ್ಯವಹಾರ ನೋಡಿಕೊಂಡರು; ಕಾಡು ಸುತ್ತಿದ್ದೇ ಹೆಚ್ಚು. 1918ರಲ್ಲಿ ತಹಮೀನಾ ಅವರ ಜತೆ ಮದುವೆ. ವ್ಯಾಪಾರ ಮುಳುಗಿ ಮುಂಬೈಗೆ ವಾಪಸ್. ಜುವಾಲಜಿಕಲ್ ಸರ್ವೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇತ್ತು, ಆದರೆ ದೊಡ್ಡ ಡಿಗ್ರಿ ಇಲ್ಲವೆಂದು ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಕೆಲಸ, ತಿಂಗಳಿಗೆ 350 ರೂಪಾಯಿ ಸಂಬಳ. ಎರಡು ವರ್ಷ ಕಳೆದ ಮೇಲೆ ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅನ್ನುವ ಗುರು ಸಿಕ್ಕರು. ಹೆಲಿಗೋಲ್ಯಾಂಡ್ ಅನ್ನುವ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವುದನ್ನು ಕಲಿತದ್ದು ಅಲ್ಲೇ.

ಈ ಉಂಗುರದ ವಿಚಾರ ಮುಂದೆ ಬೇಕಾಗ್ತದೆ, ಹಾಗಾಗಿ ಇಲ್ಲೇ ಹೇಳಿಬಿಡುವ. ಅಲ್ಯೂಮಿನಿಯಂನ ಸಣ್ಣ ಬಳೆ, ಅದರ ಮೇಲೆ ಒಂದು ನಂಬರು ಮತ್ತು ಸಂಸ್ಥೆಯ ಹೆಸರು. ಹಕ್ಕಿ ಎಲ್ಲಿ ಸಿಕ್ಕರೂ, ಸತ್ತು ಬಿದ್ದರೂ, ಬೇಟೆಗಾರನ ಕೈಗೆ ಸಿಕ್ಕರೂ, ಆ ನಂಬರು ಬರೆದು ಕಳಿಸಿದರೆ ಅದು ಎಲ್ಲಿಂದ ಎಲ್ಲಿಗೆ ಹಾರಿತು ಅಂತ ತಿಳಿಯುತ್ತದೆ. ನೂರು ಹಕ್ಕಿಗೆ ತೊಡಿಸಿದರೆ ಒಂದು ಸುದ್ದಿ ಬರುವುದೂ ಕಷ್ಟ. ಅದಕ್ಕೇ ಸಾವಿರಗಟ್ಟಲೆ ತೊಡಿಸಬೇಕು. ಅದಕ್ಕೆ ಬಲೆ ಬೇಕು, ಜನ ಬೇಕು, ದುಡ್ಡು ಬೇಕು.

ಜರ್ಮನಿಯಿಂದ 1930ರಲ್ಲಿ ವಾಪಸ್ ಬಂದರೆ ಮ್ಯೂಸಿಯಂನಲ್ಲಿ ಅವರ ಹುದ್ದೆಯೇ ಇರಲಿಲ್ಲ. ಹಣವಿಲ್ಲವೆಂದು ರದ್ದು ಮಾಡಿದ್ದರು. ಬಾಡಿಗೆ ಕಟ್ಟಲಾಗದೆ ಗಂಡ-ಹೆಂಡತಿ ಕೊಲ್ಲಿಯಾಚೆಯ ಕಿಹೀಂ ಅನ್ನುವ ಕಡಲತಡಿಯ ಹಳ್ಳಿಗೆ ಹೋದರು. ಅಲ್ಲಿ ಮನೆ ಹತ್ತಿರವೇ ಗೀಜುಗದ ಗೂಡುಗಳು. ಏಣಿ ಹಾಕಿ ಕೂತು ತಿಂಗಳುಗಟ್ಟಲೆ ನೋಡಿ ಬರೆದದ್ದೇ ಅವರಿಗೆ ಹೆಸರು ತಂದ ಮೊದಲ ಅಧ್ಯಯನ. ಗಂಡು ಗೀಜುಗ ಅರ್ಧ ಗೂಡು ಕಟ್ಟಿ ಹೆಣ್ಣನ್ನು ಕಾಯುತ್ತದೆ, ಒಪ್ಪಿದ ಮೇಲೆ ಪೂರ್ತಿ ಮಾಡಿ, ಮತ್ತೊಂದು ಕಟ್ಟಲು ಹೊರಡುತ್ತದೆ. ನಮ್ಮ ಗದ್ದೆ ಬದಿಯ ತೆಂಗಿನ ಮರದಲ್ಲಿ ನೇತಾಡುವ ಅರೆಬರೆ ಗೂಡುಗಳ ಗುಟ್ಟು ಇದೇ.

ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಒಂದು ಉಪಾಯ ಹುಡುಕಿದರು. ರಾಜ ಸಂಸ್ಥಾನಗಳಿಗೆ ಬರೆದು, ಕ್ಯಾಂಪಿನ ಖರ್ಚು ನೀವು ಕೊಡಿ, ನಿಮ್ಮ ಸೀಮೆಯ ಹಕ್ಕಿಗಳ ಲೆಕ್ಕ ನಾನು ಪುಕ್ಕಟೆ ಮಾಡಿಕೊಡ್ತೇನೆ ಅಂತ ಕೇಳಿದರು. ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಹೀಗೆ ಒಂದಾದ ಮೇಲೊಂದು ಸಿಕ್ಕಿತು. ಟೆಂಟು, ಎತ್ತಿನ ಗಾಡಿ, ಕೋವಿ, ನೋಟ್‌ಬುಕ್. ಮುಂಬೈಯ ಸುಖದಲ್ಲಿ ಬೆಳೆದ ತಹಮೀನಾ ಆ ಎಲ್ಲ ಕ್ಯಾಂಪುಗಳಲ್ಲಿ ಗಂಡನ ಜತೆಗಿದ್ದರು. 1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಆ ದುಃಖದ ಬೆನ್ನಿಗೇ, 1939-40ರ ಚಳಿಗಾಲದಲ್ಲಿ, ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿ ಗೂಡು ಕಟ್ಟುವುದನ್ನು ಕಂಡು, ಒಡೆಯರ ಸರ್ಕಾರಕ್ಕೆ ಹೇಳಿ, 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿಸಿದರು. ರಂಗನತಿಟ್ಟಿಗೆ ಶಾಲಾ ಪ್ರವಾಸ ಹೋದವರೆಲ್ಲ ಆ ಕೆಲಸದ ಫಲ ಕಂಡವರೇ. ನಮ್ಮ ಕರಾವಳಿ ಆಗ ಮದ್ರಾಸಿಗೆ ಸೇರಿತ್ತು. ಘಟ್ಟದ ಮೇಲಿನ ಶಿವಮೊಗ್ಗ ಮಾತ್ರ ಮೈಸೂರಿನದ್ದು. ಆ ಕಾಡುಗಳಲ್ಲಿ ಮುಂದೆ ಏನು ಕಾದಿದೆ ಅಂತ ಆಗ ಯಾರಿಗೂ ಅಂದಾಜಿರಲಿಲ್ಲ.

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಬಂತು. ಸ್ವಾತಂತ್ರ್ಯ ಬಂದ ಮೇಲೆ ಸೊಸೈಟಿಯ ಬ್ರಿಟಿಷ್ ಸದಸ್ಯರು ಊರಿಗೆ ಹೊರಟುಹೋದಾಗ, ಬಾಗಿಲು ಹಾಕಬೇಕಾದ ಸ್ಥಿತಿಯಲ್ಲಿದ್ದ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದವರು ಇವರು. 1950ರಲ್ಲಿ ಸ್ವೀಡನ್‌ನ ಸಮ್ಮೇಳನಕ್ಕೆ ಹೋಗುವಾಗ ತಮ್ಮ ಸನ್‌ಬೀಮ್ ಮೋಟಾರ್ ಸೈಕಲ್ಲನ್ನೇ ಹಡಗಿಗೆ ಹಾಕಿಕೊಂಡು ಹೋಗಿ, ಯುರೋಪಿನ ರಸ್ತೆಯಲ್ಲಿ ಓಡಿಸಿದರು. ಆಗ ಅವರಿಗೆ ಐವತ್ತಮೂರು ದಾಟಿತ್ತು.

ಇನ್ನು ಶಿವಮೊಗ್ಗಕ್ಕೆ ಬರುವ.

1957ರ ಮಾರ್ಚ್ ತಿಂಗಳು. ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಉದುರಿ ಬೀಳುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದಾರೆ ಅನ್ನುವ ಸುದ್ದಿ ಪುಣೆಯ ವೈರಸ್ ರಿಸರ್ಚ್ ಸೆಂಟರ್‌ಗೆ ಮುಟ್ಟಿತು. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರುಮಾಡಿದ ಸಂಸ್ಥೆ ಅದು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ನಿರ್ದೇಶಕರಾಗಿದ್ದವರು ಟೆಲ್‌ಫರ್ಡ್ ವರ್ಕ್. ಮಂಗವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಅಂದರೆ ಅವರಿಗೆ ಮೊದಲು ಬಂದ ಸಂಶಯ ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಕಾಯಿಲೆ ಭಾರತಕ್ಕೆ ಕಾಲಿಟ್ಟರೆ ಏನು ಗತಿ ಅನ್ನುವ ಹೆದರಿಕೆ ಆ ಕಾಲದಲ್ಲಿ ಬಹಳ ಇತ್ತು. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರವೂ ಅಲ್ಲ, ಸೊಳ್ಳೆಯಿಂದ ಬಂದದ್ದೂ ಅಲ್ಲ. ಉಣ್ಣಿಯಿಂದ ಬರುವ ಒಂದು ಹೊಸ ವೈರಸ್. ಅದರ ಹತ್ತಿರದ ಸಂಬಂಧಿಗಳು ಇದ್ದದ್ದು ಸಾವಿರಾರು ಮೈಲಿ ಬಡಗಣಕ್ಕೆ, ರಷ್ಯಾ-ಸೈಬೀರಿಯಾದ ಕಾಡಿನಲ್ಲಿ. ಅಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಬರುವ ಮಿದುಳು ಜ್ವರ, ಓಮ್ಸ್ಕ್ ಪ್ರದೇಶದ ರಕ್ತಸ್ರಾವದ ಜ್ವರ, ಇವುಗಳದ್ದೇ ಕುಲ.

ಸೈಬೀರಿಯಾದ ವೈರಸ್ಸಿನ ದಾಯಾದಿ ಸೊರಬದ ಕಾಡಿಗೆ ಬಂದದ್ದು ಹೇಗೆ? ನಡುವೆ ಹಿಮಾಲಯ ಉಂಟು, ಮರುಭೂಮಿ ಉಂಟು. ನಡೆದು ಬರುವ ಪ್ರಾಣಿ ಯಾವುದೂ ಇಲ್ಲ. ಆದರೆ ಪ್ರತಿ ವರ್ಷ ಮಳೆ ಮುಗಿಯುತ್ತಿದ್ದಂತೆ ಸೈಬೀರಿಯಾ ಕಡೆಯಿಂದ ಹಾರಿ ಬಂದು, ನಮ್ಮ ಗದ್ದೆ, ಅಳಿವೆ, ಕೆರೆಗಳಲ್ಲಿ ಚಳಿಗಾಲ ಕಳೆದು ಹೋಗುವವರು ಇದ್ದಾರಲ್ಲ? ಬಾಲ ಕುಣಿಸುವ ಸಿಪಿಲೆಯಿಂದ ಹಿಡಿದು ಬಾತುಗಳವರೆಗೆ ಲಕ್ಷಾಂತರ ಹಕ್ಕಿಗಳು. ಅವುಗಳ ಕಿವಿಯ ಸುತ್ತ, ಕಣ್ಣಿನ ಅಂಚಿಗೆ ಒಂದು ಸಣ್ಣ ಉಣ್ಣಿ ಕಚ್ಚಿಕೊಂಡು ಬಂದಿದ್ದರೆ? ಉಣ್ಣಿ ಒಮ್ಮೆ ಕಚ್ಚಿದರೆ ಕೆಲವು ದಿನ ಬಿಡುವುದಿಲ್ಲ. ಅಷ್ಟರಲ್ಲಿ ಹಕ್ಕಿ ಎಷ್ಟೋ ದೂರ ಹಾರಿರುತ್ತದೆ.

ಪ್ರಶ್ನೆ ವೈರಸ್ ತಜ್ಞರದ್ದು. ಆದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವ ದಾರಿ ಹಿಡಿಯುತ್ತದೆ ಅಂತ ಹೇಳಬಲ್ಲವರು ದೇಶದಲ್ಲಿ ಬೆರಳೆಣಿಕೆಯವರು, ಅದರಲ್ಲಿ ಮೊದಲಿಗರು ಸಲೀಂ ಅಲಿ. ಅವರಿಗೂ ಉತ್ತರ ಪೂರ್ತಿ ಗೊತ್ತಿರಲಿಲ್ಲ. ಸೊಸೈಟಿ 1920ರ ದಶಕದಲ್ಲಿ ಉಂಗುರ ತೊಡಿಸುವ ಕೆಲಸ ಸ್ವಲ್ಪ ಮಾಡಿತ್ತಾದರೂ ದುಡ್ಡಿಲ್ಲದೆ ಅದು ಕುಂಟುತ್ತಲೇ ಇತ್ತು. ಹೆಲಿಗೋಲ್ಯಾಂಡ್‌ನಲ್ಲಿ ಕಲಿತ ವಿದ್ಯೆಯನ್ನು ದೊಡ್ಡದಾಗಿ ಪ್ರಯೋಗಿಸಬೇಕು ಅಂತ ಮೂವತ್ತು ವರ್ಷದಿಂದ ಕಾಯುತ್ತಿದ್ದ ಮನುಷ್ಯನಿಗೆ, ಮಂಗನ ಕಾಯಿಲೆ ಬಾಗಿಲು ತೆರೆಯಿತು ಅನ್ನುವುದು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಆದರೆ ನಡೆದದ್ದು ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಡಲು ಒಪ್ಪಿತು. 1960ರ ಹೊತ್ತಿಗೆ ಕಛ್‌ನಲ್ಲಿ, ಭರತಪುರದಲ್ಲಿ ಬಲೆಗಳು ಎದ್ದವು.

ಕ್ಯಾಂಪಿನ ಕೆಲಸ ಬೆಳಕು ಹರಿಯುವ ಮೊದಲೇ ಶುರು. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟುವುದು, ಸಿಕ್ಕಿದ ಹಕ್ಕಿಯನ್ನು ಬಿಡಿಸುವುದು, ತೂಗುವುದು, ರೆಕ್ಕೆ ಅಳೆಯುವುದು, ಪುಕ್ಕ ಸರಿಸಿ ಉಣ್ಣಿ ಹುಡುಕುವುದು, ಸಿಕ್ಕರೆ ಚಿಮಟದಲ್ಲಿ ತೆಗೆದು ಸೀಸೆಗೆ ಹಾಕುವುದು, ರಕ್ತದ ಮಾದರಿ ತೆಗೆಯುವುದು, ಉಂಗುರ ತೊಡಿಸಿ ಹಾರಲು ಬಿಡುವುದು. ಅರವತ್ತು ದಾಟಿದ ಸಲೀಂ ಅಲಿ ಇದರ ನಡುವೆಯೇ ಇರುತ್ತಿದ್ದರು. ಹೊತ್ತು ಮೀರಿ ಏಳುವ, ಅಳತೆಯಲ್ಲಿ ಉಡಾಫೆ ಮಾಡುವ ಹುಡುಗರಿಗೆ ಅವರ ಕೈಯಲ್ಲಿ ಬೈಗುಳ ತಪ್ಪುತ್ತಿರಲಿಲ್ಲವಂತೆ. ಇಲ್ಲಿ ಉಂಗುರ ತೊಟ್ಟ ಹಕ್ಕಿಗಳ ಸುದ್ದಿ ಸೋವಿಯತ್ ದೇಶದಿಂದ ಬರತೊಡಗಿತು. ದಾರಿ ಇರುವುದು ನಿಜ ಅಂತಾಯಿತು. ಆದರೆ ಆ ದಾರಿಯಲ್ಲಿ ಕಾಯಿಲೆ ಬಂತಾ?

ಅದಕ್ಕೆ ಉತ್ತರ ಸಿಕ್ಕಿದ್ದು ಹೆಚ್ಚಾಗಿ ಸಾಗರದ ಕಡೆಯಿಂದ. ಪುಣೆಯ ಸಂಸ್ಥೆ ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು, ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣ್ಣಿ ಹಿಡಿಯುತ್ತಿತ್ತು. ಹೆರಾಲ್ಡ್ ಟ್ರಾಪಿಡೊ ಮತ್ತು ಜತೆಯವರು, ಈ ವೈರಸ್ಸನ್ನು ಹೊರುವುದು ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಜಾತಿಯ ಉಣ್ಣಿ ಅಂತ ಕಂಡುಕೊಂಡರು. ಸೈಬೀರಿಯಾದಲ್ಲಿ ರೋಗ ಹರಡುವ ಉಣ್ಣಿಯ ಜಾತಿಯೇ ಬೇರೆ. ನಮ್ಮದು ಪಕ್ಕಾ ನಮ್ಮ ಕಾಡಿನದ್ದು. ನೆಲ ಕೆದಕಿ ತಿನ್ನುವ ಕಾಡುಕೋಳಿಯಂಥ ಹಕ್ಕಿಗಳ ಮೈಮೇಲೆ ಈ ಉಣ್ಣಿಯ ಮರಿಗಳು ಸಿಕ್ಕಿದವು. ಅಂದರೆ ಒಂದು ಹಾಡಿಯಿಂದ ಇನ್ನೊಂದು ಹಾಡಿಗೆ ಉಣ್ಣಿ ಸಾಗಿಸುವುದರಲ್ಲಿ ಇಲ್ಲಿಯ ಹಕ್ಕಿಗಳ ಪಾಲು ಸ್ವಲ್ಪ ಇದ್ದೀತು. ಆದರೆ ಬಡಗಣದಿಂದ ಬಂದ ಹಕ್ಕಿ ಕಾಯಿಲೆ ತಂದಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ಹಾಗಾದರೆ ಜನರಿಗೆ ಬರುವುದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಎಂತಕ್ಕೆಂದರೆ ಮಂಗನ ಕಾಯಿಲೆ ಅನ್ನುವ ಹೆಸರಿನಿಂದ ಮಂಗವೇ ಇದನ್ನು ಹರಡುವುದು ಅನ್ನುವ ತಪ್ಪು ತಿಳಿವಳಿಕೆ ಈಗಲೂ ಉಂಟು. ಮಂಗ ನಮ್ಮ ಹಾಗೆಯೇ ಪಾಪದ ರೋಗಿ. ಹೆಣ್ಣು ಉಣ್ಣಿ ಹೊಟ್ಟೆ ತುಂಬ ರಕ್ತ ಕುಡಿದು ನೆಲಕ್ಕೆ ಬಿದ್ದು, ತರಗೆಲೆಯ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಹಿಂದಾಗುವ ಹೊತ್ತಿಗೆ ಆರು ಕಾಲಿನ ಮರಿಗಳು ಗುಂಪು ಗುಂಪಾಗಿ ಹುಲ್ಲು, ಎಲೆಯ ತುದಿಗೆ ಬಂದು ಕೂರುತ್ತವೆ. ಅವು ಇಲಿ, ಮೂಗಿಲಿ, ಅಳಿಲು, ಹಕ್ಕಿ, ಮಂಗ ಯಾವುದು ಸಿಕ್ಕರೂ ಕಚ್ಚುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಯ ಹೊಟ್ಟೆಗೆ ಹೋಗುತ್ತದೆ. ಮರಿ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣಿ ಆದಾಗಲೂ ವೈರಸ್ ಅದರೊಳಗೆ ಉಳಿಯುತ್ತದೆ. ಎಳ್ಳುಕಾಳಿಗಿಂತ ಸಣ್ಣ ಈ ಎಳೆ ಉಣ್ಣಿಯೇ ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು. ಅದರ ಕಾಲ ನವೆಂಬರ್-ಡಿಸೆಂಬರಿನಿಂದ ಮೇ ತನಕ. ನಾವು ಕಟ್ಟಿಗೆಗೆ, ಸೊಪ್ಪಿಗೆ, ತರಗೆಲೆಗೆ ಹಾಡಿಗೆ ಹೋಗುವ ಕಾಲವೂ ಅದೇ.

ಮಂಗದ ಪಾತ್ರ ಎಲ್ಲಿ ಅಂದರೆ, ವೈರಸ್ ತಗುಲಿದ ಮಂಗ ಅಥವಾ ಮುಸುವದ ರಕ್ತದಲ್ಲಿ ಅದು ವಿಪರೀತ ಹೆಚ್ಚುತ್ತದೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದಕ್ಕೆ ಕಚ್ಚಿಕೊಂಡಿದ್ದ ನೂರಾರು ಉಣ್ಣಿಗಳು ಕಳಚಿ ಅಲ್ಲೇ ಉದುರುತ್ತವೆ. ಆ ಜಾಗ ವಿಷದ ಮಡು ಆದ ಹಾಗೆ. ಅದಕ್ಕೇ ಸತ್ತ ಮಂಗದ ಹತ್ತಿರ ಹೋಗಬೇಡಿ, ಅದನ್ನು ಎಳೆದು ಹಾಕಬೇಡಿ, ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಿಳಿಸಿ ಅನ್ನುವುದು. ಮನುಷ್ಯನಿಂದ ಮನುಷ್ಯನಿಗೆ ಇದು ಬರುವುದಿಲ್ಲ. ಹಾಗಾಗಿ ಕಾಯಿಲೆ ಆದ ಮನೆಯವರನ್ನು ದೂರ ಇಡುವುದು ಶುದ್ಧ ಅನ್ಯಾಯ. ಉಣ್ಣಿ ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜ್ವರ, ತಲೆ ಸಿಡಿತ, ಸೊಂಟ-ಮೈಕೈ ಮುರಿಯುವ ನೋವು, ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟಿತು ಅಂದುಕೊಂಡ ಮೇಲೆ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬಂದು ಮಿದುಳಿಗೆ ತಾಗುವುದೂ ಉಂಟು. ನೂರರಲ್ಲಿ ಮೂರರಿಂದ ಐದು ಮಂದಿಯ ಜೀವ ತೆಗೆಯುವ ಕಾಯಿಲೆ. ಇದಕ್ಕೇ ಅಂತ ಔಷಧಿ ಇಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದರೆ ಹೆಚ್ಚಿನವರು ಉಳಿಯುತ್ತಾರೆ. ಹಾಡಿಗೆ ಹೋಗುವ ಮುಂಚೆ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚುವುದು, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯುವುದು, ಸದ್ಯಕ್ಕೆ ನಮ್ಮ ಕೈಯಲ್ಲಿ ಇರುವುದು ಇಷ್ಟೇ. ಹಿಂದೆ ಕೊಡುತ್ತಿದ್ದ ಲಸಿಕೆ ಅಷ್ಟು ಫಲ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿಯಾಗಿದೆ.

ಇದರಲ್ಲಿ ದನದ ಪಾಲು ಏನು ಅಂತ ಹೇಳಿದವರು ಕೊಲಂಬಿಯಾ ದೇಶದ ಜಾರ್ಜ್ ಬೊಶೆಲ್. ದನಕ್ಕೆ ಈ ಕಾಯಿಲೆ ತೊಂದರೆ ಕೊಡುವುದಿಲ್ಲ. ಆದರೆ ಬಲಿತ ಉಣ್ಣಿಗೆ ದೊಡ್ಡ ಮೈಯ ಪ್ರಾಣಿಯ ರಕ್ತ ಬೇಕು. ಕಾಡು ಕಡಿದು ಊರು ಬೆಳೆದಂತೆ, ಕಾಡಿನ ಅಂಚಿಗೆ ದನ ಮೇಯಲು ಬಿಟ್ಟಂತೆ, ಉಣ್ಣಿಗೆ ಹಬ್ಬ. ಕಾಡೊಳಗೆ ಇಲಿ, ಉಣ್ಣಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿದ್ದ ಹಳೆಯ ವೈರಸ್ಸನ್ನು ಹೀಗೆ ನಾವೇ ಅಂಗಳಕ್ಕೆ ಕರೆದೆವು ಅನ್ನುವುದು ಅವರ ವಾದ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಪಟ್ರಮೆ ಕಡೆ ಸಾವಿರದೈನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆ ತಗುಲಿ ಹಾಹಾಕಾರ ಆದಾಗ, ಅದಕ್ಕೆ ಮುಂಚೆ ಅಲ್ಲಿ ಗೇರು ತೋಟಕ್ಕಾಗಿ ಕಾಡು ಬೋಳಿಸಿದ್ದನ್ನು ತಜ್ಞರು ಎತ್ತಿ ಹೇಳಿದರು. ಆಗ ನಾವೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ.

ಸಲೀಂ ಅಲಿಯವರ ಕಥೆ ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹಣ ನಿಂತ ಮೇಲೆ, ಉಂಗುರದ ಕೆಲಸ ನಿಲ್ಲಬಾರದು ಅನ್ನುವ ಹಟಕ್ಕೆ ಅವರು ಬೇರೆ ಕಡೆಯಿಂದ ಹಣ ಪಡೆದರು. 1960ರ ದಶಕದ ನಡುವೆ ಏಷ್ಯಾದ ಹಲವು ದೇಶಗಳಲ್ಲಿ ವಲಸೆ ಹಕ್ಕಿ ಮತ್ತು ರೋಗಗಳ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಮ್ಯಾಕ್‌ಕ್ಲೂರ್ ಅನ್ನುವ ಪಕ್ಷಿತಜ್ಞರು, ಬ್ಯಾಂಕಾಕ್‌ನಲ್ಲಿ ಕೂತು. ಹಣ ಕೊಡುತ್ತಿದ್ದದ್ದು ಅಮೆರಿಕದ ಸೈನ್ಯ. ಸೊಸೈಟಿ ಅದರಲ್ಲಿ ಪಾಲುದಾರ ಆಯಿತು.

ಅದು ವಿಯೆಟ್ನಾಂ ಯುದ್ಧದ ಕಾಲ. ಸೈನ್ಯಕ್ಕೆ ಹಕ್ಕಿಯ ಮೈಮೇಲಿನ ಉಣ್ಣಿಯಲ್ಲಿ ಎಂತ ಆಸಕ್ತಿ ಅನ್ನುವ ಪ್ರಶ್ನೆ ಏಳದೆ ಇರುತ್ತದಾ? ರೋಗಾಣುಗಳನ್ನು ಹಕ್ಕಿಗಳ ಮೂಲಕ ಶತ್ರು ದೇಶಕ್ಕೆ ಕಳಿಸುವ ವಿದ್ಯೆ ಕಲಿಯಲು ಭಾರತದ ನೆಲ ಬಳಸುತ್ತಿದ್ದಾರೆ ಅನ್ನುವ ಆರೋಪ ಪತ್ರಿಕೆಗಳಲ್ಲಿ ಬಂತು. 1974ರಲ್ಲಿ ಅದು ದೊಡ್ಡ ಗಲಾಟೆಯಾಗಿ, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಹಣದ ಸಂಶೋಧನೆಗಳನ್ನೆಲ್ಲ ಜಾಲಾಡಿತು. ಹಕ್ಕಿಗಳ ಯೋಜನೆಯೂ ಅದರಲ್ಲಿ ಸಿಕ್ಕಿಬಿತ್ತು. ಎಂಬತ್ತರ ಹತ್ತಿರದ ಮುದುಕನ ದೇಶಪ್ರೇಮದ ಮೇಲೆಯೇ ಕೆಸರು ಬಿತ್ತು. ನಾವು ಮಾಡಿದ್ದೆಲ್ಲ ಬಹಿರಂಗವಾಗಿ, ಗುಟ್ಟಿನದ್ದು ಏನೂ ಇಲ್ಲ ಅನ್ನುವ ನಿಲುವಿಗೆ ಅವರು ಕೊನೆತನಕ ಅಂಟಿಕೊಂಡರು. ಸಂಸ್ಥೆಯ ಹಕ್ಕಿ ಪಟ್ಟಿಗಳು, ಉಂಗುರದ ಲೆಕ್ಕಗಳು ಯುದ್ಧಕ್ಕೆ ಬಳಕೆಯಾದವು ಅನ್ನುವುದು ಸಾಬೀತಾಗಲಿಲ್ಲ. ಆದರೂ ಈ ಲೇಖಕನಿಗೆ ಅನಿಸುವುದು, ಹಣ ಯಾರ ಜೇಬಿನಿಂದ ಬರುತ್ತದೆ ಅಂತ ಕೇಳಿದವರನ್ನು ಹುಚ್ಚರು ಅನ್ನುವ ಹಾಗಿಲ್ಲ. ಸಂಶೋಧಕನ ಮನಸ್ಸು ಶುದ್ಧ ಇದ್ದರೂ ಹಣ ಕೊಟ್ಟವನ ಲೆಕ್ಕ ಬೇರೆ ಇರಬಹುದು. ಸಲೀಂ ಅಲಿಯವರಿಗೆ ಹಕ್ಕಿ ಎದುರಿಗಿದ್ದರೆ ಹಿಂದಿನದ್ದು ಕಾಣುತ್ತಿರಲಿಲ್ಲ. ಅದು ಅವರ ಶಕ್ತಿಯೂ ಹೌದು, ಪೇಚಿಗೆ ಸಿಕ್ಕಿಸಿದ್ದೂ ಅದೇ.

ಗಲಾಟೆಯ ನಡುವೆಯೂ ಕೆಲಸ ನಿಲ್ಲಲಿಲ್ಲ. ಅಮೆರಿಕದ ಡಿಲ್ಲನ್ ರಿಪ್ಲೆ ಜತೆ ಸೇರಿ ಬರೆದ ಹತ್ತು ಸಂಪುಟಗಳ ಹಕ್ಕಿಗಳ ಕೈಪಿಡಿ 1974ರಲ್ಲಿ ಮುಗಿಯಿತು. ತಮಿಳುನಾಡಿನ ವೇದಾರಣ್ಯದ ಕಡಲತಡಿಯಲ್ಲಿ ಹೊಸ ಕ್ಯಾಂಪು ಬೆಳೆಯಿತು. 1958ರಲ್ಲಿ ಪದ್ಮಭೂಷಣ ಬಂದಿತ್ತು, 1976ರಲ್ಲಿ ಪದ್ಮವಿಭೂಷಣವೂ ಬಂತು. ಸೈಲೆಂಟ್ ವ್ಯಾಲಿ ಕಾಡು ಉಳಿಸುವ ಹೋರಾಟದಲ್ಲಿ ಅವರ ಮಾತಿಗೆ ದಿಲ್ಲಿಯಲ್ಲಿ ಬೆಲೆ ಇತ್ತು. ಇಂದಿರಾ ಗಾಂಧಿಯವರು ಜೈಲಿನಲ್ಲಿದ್ದಾಗ ಇವರ ಪುಸ್ತಕ ಓದಿ ಹಕ್ಕಿಗಳ ಪರಿಚಯ ಮಾಡಿಕೊಂಡವರು. 1985ರಲ್ಲಿ ರಾಜ್ಯಸಭೆಗೂ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಹೊರಬಂತು.

ಭರತಪುರದ ವಿಷಯ ಒಂದು ಇಲ್ಲಿ ಹೇಳದಿದ್ದರೆ ಆಗುವುದಿಲ್ಲ. ಆ ಪಕ್ಷಿಧಾಮ ಉಳಿದದ್ದರಲ್ಲಿ ಸಲೀಂ ಅಲಿಯವರ ಪಾಲು ದೊಡ್ಡದು. ಹಕ್ಕಿಗಳಿಗೆ ತೊಂದರೆ ಅಂತ ಅಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಬೇಕು ಅನ್ನುವುದು ಅವರ, ಅವರ ಸಂಸ್ಥೆಯ ಅಭಿಪ್ರಾಯ ಆಗಿತ್ತು. 1982ರಲ್ಲಿ ನಿಷೇಧ ಬಂತು. ಹಳ್ಳಿಯವರು ಎದ್ದರು, ಪೊಲೀಸರ ಗುಂಡಿಗೆ ಜನ ಸತ್ತರು. ಎಮ್ಮೆ ಇಲ್ಲದ ಮೇಲೆ ನೀರಿನ ಹುಲ್ಲು ವಿಪರೀತ ಬೆಳೆದು ಹಕ್ಕಿಗಳಿಗೇ ಜಾಗ ಇಲ್ಲದಂತಾಯಿತು ಅಂತ ಮುಂದೆ ತೋರಿಸಿಕೊಟ್ಟದ್ದೂ ಅದೇ ಸಂಸ್ಥೆಯ ಅಧ್ಯಯನ. ಕ್ಯಾಸನೂರಿನಲ್ಲಿ ದನ ಉಣ್ಣಿಯನ್ನು ಹೆಚ್ಚಿಸಿತು, ಭರತಪುರದಲ್ಲಿ ಎಮ್ಮೆ ಕೆರೆಯನ್ನು ಉಳಿಸಿತ್ತು. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆ ನಡೆಯುವುದಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರಿನಿಂದ ಬಳಲಿ 1987ರಲ್ಲಿ ಅವರು ಮುಂಬೈಯಲ್ಲಿ ಕಣ್ಣು ಮುಚ್ಚಿದರು. ತೊಂಬತ್ತು ತುಂಬಿತ್ತು. ಅವರ ಹೆಸರಿನ ಪಕ್ಷಿ ಅಧ್ಯಯನ ಕೇಂದ್ರ 1990ರಲ್ಲಿ ಕೊಯಮತ್ತೂರಿನಲ್ಲಿ ಶುರುವಾಯಿತು.

ಕಾಯಿಲೆ ಮಾತ್ರ ಕೂತಲ್ಲಿ ಕೂರಲಿಲ್ಲ. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ತಲೆ ಎತ್ತಿತು. ಇನ್ನೊಂದು ಸಂಗತಿ ಸಲೀಂ ಅಲಿಯವರು ಕೇಳಿಸಿಕೊಳ್ಳಲು ಇರಬೇಕಿತ್ತು. 1990ರ ದಶಕದ ನಡುವೆ ಸೌದಿ ಅರೇಬಿ‌ಯಾದಲ್ಲಿ ಕುರಿ, ಒಂಟೆಗಳ ಒಡನಾಟದಲ್ಲಿದ್ದವರಿಗೆ ಒಂದು ಜ್ವರ ಬಂತು. ಅಲ್ಖುರ್ಮಾ ಅಂತ ಹೆಸರಿಟ್ಟ ಆ ವೈರಸ್ಸಿನ ವಂಶ ಪರೀಕ್ಷಿಸಿ ನೋಡಿದರೆ ಅದು ನಮ್ಮ ಕ್ಯಾಸನೂರಿನ ವೈರಸ್ಸಿಗೆ ಸೈಬೀರಿಯಾದವುಗಳಿಗಿಂತ ಬಹಳ ಹತ್ತಿರದ್ದು, ಹೆಚ್ಚು ಕಡಿಮೆ ಒಡಹುಟ್ಟು. ಅವರು ಬಲೆ ಕಟ್ಟಿ ಕಾದದ್ದು ಬಡಗಣ ದಿಕ್ಕಿಗೆ, ಸಂಬಂಧಿ ಸಿಕ್ಕಿದ್ದು ಪಡುವಣದಲ್ಲಿ, ಅರಬ್ಬಿ ಕಡಲಿನ ಆಚೆ ದಡದಲ್ಲಿ. ಬೈಂದೂರು, ಕುಂದಾಪುರದ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಹೋಗಿರುವುದು ಆ ದಡಕ್ಕೇ. ಸೊರಬಕ್ಕೂ ಆ ಮರಳುಗಾಡಿಗೂ ನಡುವೆ ಈ ವೈರಸ್ಸನ್ನು ಹೊತ್ತು ದಾಟಿಸಿದ್ದು ಹಡಗಿನಲ್ಲಿ ಸಾಗಿದ ಜಾನುವಾರೋ, ಹಕ್ಕಿಯೋ ಅನ್ನುವ ಚರ್ಚೆ ಇನ್ನೂ ನಡೆಯುತ್ತಲೇ ಇದೆ.